ಕೃತಿಯ ಒಳಗೆ ನಡೆಯುವುದು: ಪೀಣ್ಯ, ಭದ್ರಾವತಿ, ಮಲವಗೊಪ್ಪ

ನೋಡುವವರನ್ನು ತನ್ನೊಳಗೆ ಸೇರಿಸಿಕೊಳ್ಳುವ ಆವರಣ ಕಲೆಗೆ ಕತ್ತಲೆ ಕೋಣೆ, ಪ್ರೊಜೆಕ್ಟರು, ಟಿಕೆಟ್ಟು ಬೇಕೇಬೇಕೆಂಬ ಭಾವನೆ ಈಚೆಗೆ ಬೇರೂರಿದೆ. ಬೆಂಗಳೂರಿನ ಸೃಷ್ಟಿ ಸಂಸ್ಥೆಯ ವಿನ್ಯಾಸ ವಿದ್ಯಾರ್ಥಿಗಳು ಕಲಾವಿದ ಅಮಿತಾಭ್ ಕುಮಾರ್ ಅವರ ಮುಂದಾಳತ್ವದಲ್ಲಿ, 'ಆರ್ಟ್ ಇನ್ ಟ್ರಾನ್ಸಿಟ್' ಯೋಜನೆಯಡಿ, ನಮ್ಮ ಮೆಟ್ರೊದ ಪೀಣ್ಯ ನಿಲ್ದಾಣದಲ್ಲೂ ಕಬ್ಬನ್ ಪಾರ್ಕ್‌ನ ನೆಲದಡಿಯ ನಿಲ್ದಾಣದಲ್ಲೂ ಮಾಡಿದ ಕೆಲಸ ಆ ಭಾವನೆಯನ್ನು ಅಲುಗಿಸುತ್ತದೆ. 2014ರಲ್ಲಿ ರೈಲು ಓಡಾಟ ಆರಂಭವಾದ ಪೀಣ್ಯದಲ್ಲಿ ನಿಲ್ದಾಣದ ಗೋಡೆ, ಕಂಬಗಳೇ ಕೃತಿಯ ಮೈ. ಸುತ್ತಲಿನ ಕಾರ್ಖಾನೆಗಳ ಪಾಳಿಗೆ ಹೊರಟ ಕಾರ್ಮಿಕರು ಅದನ್ನು ನೋಡಲೆಂದು ಬಂದವರಲ್ಲ. ಇಂದು ಕಂಬದ ಒಂದು ಮಗ್ಗುಲು ಕಣ್ಣಿಗೆ ಬಿದ್ದರೆ ನಾಳೆ ಮತ್ತೊಂದು. ಕೃತಿ ಅವರ ನಿತ್ಯದ ಓಡಾಟದಲ್ಲೇ ತುಂಬಿಕೊಳ್ಳುತ್ತ ಹೋಗುತ್ತದೆ.

ಗೋಡೆಗೆ ಬಣ್ಣ ಬಳಿದರೆ ಅದು ಆವರಣ ಕಲೆಯಾದೀತೇ ಎಂಬ ಆಕ್ಷೇಪ ಸಹಜ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯ ಇದಕ್ಕೆ ಉತ್ತರ ಕೊಡುತ್ತದೆ. 13ನೆಯ ಶತಮಾನದ ಈ ಹೊಯ್ಸಳ ತ್ರಿಕೂಟದಲ್ಲಿ ಮೂರು ಗರ್ಭಗುಡಿಗಳು ನಡುವಿನ ಒಂದೇ ನವರಂಗದತ್ತ ಮುಖ ಮಾಡಿವೆ. ಅಲ್ಲಿ ನಿಂತವರು ಮೂರನ್ನೂ ಒಂದೇ ನೋಟದಲ್ಲಿ ಹಿಡಿಯಲಾರರು, ಮೈ ತಿರುಗಿಸಲೇಬೇಕು. ಹೊರಗೆ ಜಗತಿಯ, ಅಂದರೆ ಎತ್ತರದ ಕಟ್ಟೆಯ, ಮೇಲೋ ಸುತ್ತು ಬರಬೇಕು. ಇಲ್ಲಿ ಆವರಿಸುವ ಗುಣ ಹುಟ್ಟುವುದು ನಡಿಗೆಯ ವಿನ್ಯಾಸದಿಂದ. ಭಕ್ತರು ಮನಸ್ಸು ಅಣಿಗೊಳಿಸಿಕೊಂಡು ಬರುತ್ತಾರೆ, ಪ್ರಯಾಣಿಕರು ಹಾಗೆ ಬರುವುದಿಲ್ಲ ಎಂಬ ವ್ಯತ್ಯಾಸ ದೊಡ್ಡದೇ. ಆದರೆ ಅದರಿಂದ ವಿದ್ಯಾರ್ಥಿಗಳ ಹೊಣೆ ಹೆಚ್ಚುತ್ತದೆಯೇ ಹೊರತು ಹೋಲಿಕೆ ಮುರಿದುಬೀಳುವುದಿಲ್ಲ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ: ಇಂಥ ಕಲೆ ದುಡಿಮೆಯ ಊರಿನ ಗಾಯಕ್ಕೆ ಬಣ್ಣ ಮೆತ್ತುತ್ತದೆ, ವಿದ್ಯಾರ್ಥಿಗಳು ಸೆಮಿಸ್ಟರ್ ಮುಗಿಸಿ ಹೊರಟುಹೋಗುತ್ತಾರೆ. ಶಿವಮೊಗ್ಗ–ಭದ್ರಾವತಿ ನಡುವಿನ ಮಲವಗೊಪ್ಪದಲ್ಲಿ ಇಂಥ ಕೆಲಸಕ್ಕೆ ಹೊರಟರೆ ಈ ಮಾತನ್ನು ತಳ್ಳಿಹಾಕಲಾಗದು. ಅಲ್ಲಿಯ ತುಂಗಭದ್ರಾ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವುದನ್ನು ನಿಲ್ಲಿಸಿ ದಶಕಗಳೇ ಆದವು. ಮುಚ್ಚಿದ ಕಾರ್ಖಾನೆಯ ಗೋಡೆಗೆ ಚಿತ್ರ ಬರೆಯುವುದಷ್ಟೇ ಆದರೆ ಆಕ್ಷೇಪ ಗೆದ್ದಂತೆಯೇ. ಆದರೆ ನಡಿಗೆಯೇ ಮುಖ್ಯವೆಂದು ಒಪ್ಪಿದರೆ ಕೆಲಸ ಬೇರೆ ಕಡೆಯಿಂದ ಶುರುವಾಗಬೇಕು. ಕಬ್ಬಿನ ಗಾಡಿ ತೂಕಕ್ಕೆ ನಿಲ್ಲುವ ಜಾಗದಿಂದ ಅರೆಯುವ ಯಂತ್ರದವರೆಗಿನ ದಾರಿ ಯಾವ ಸಕ್ಕರೆ ಕಾರ್ಖಾನೆಗೂ ಉಂಟು. ಮಲವಗೊಪ್ಪದಲ್ಲಿ ದುಡಿದವರೂ ಕಬ್ಬು ತಂದ ರೈತರೂ ಆ ದಾರಿಯನ್ನು ಗುರುತಿಸಿಕೊಡಬೇಕು. ಎಲ್ಲಿ ನಿಲ್ಲಬೇಕು, ಏನು ಕೇಳಿಸಬೇಕು ಎಂಬ ತೀರ್ಮಾನವೂ ಅವರದೇ ಆಗಬೇಕು. ವಿನ್ಯಾಸ ಕಲಿಯುವವರು ಬಣ್ಣದ ಡಬ್ಬಿ ತೆರೆಯುವ ಮೊದಲು ಆ ದಾರಿಯನ್ನು ಅವರೊಂದಿಗೆ ಹಲವು ಸಲ ನಡೆದಿರಬೇಕು.