ಕೃಷ್ಣೆಯ ಏಡಿ, ಕಡಲಾಚೆಯ ಅತಿಥಿ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳದ ದಂಡೆಯಲ್ಲಿಯೋ ಗದ್ದೆಯ ಬದುವಿನಲ್ಲಿಯೋ ನೀವು ಅಡ್ಡಾಡಿದ್ದರೆ ಏಡಿಯ ಬಿಲವನ್ನು ಕಂಡೇ ಇರುತ್ತೀರಿ. ದಖ್ಖಣದ ಈ ಪ್ರಾಣಿಗೆ ಶಾಸ್ತ್ರೀಯ ನಾಮಕರಣವಾದುದು 1836ರಲ್ಲಿ. ಮುಂಬಯಿ ಸರಕಾರದ ಸೇವೆಯಲ್ಲಿದ್ದ ಕರ್ನಲ್ ಸೈಕ್ಸ್ ಇಲ್ಲಿಯ ನೆಲದ ಏಡಿಗಳ ವೃತ್ತಾಂತವನ್ನು ಬರೆದನು. ವೆಸ್ಟ್‌ವುಡ್ ಎಂಬ ಕೀಟಶಾಸ್ತ್ರಜ್ಞನು ಹೆಸರಿಟ್ಟನು. ಬ್ಯಾರಿಟೆಲ್ಫುಸಾ ಕ್ಯುನಿಕ್ಯುಲಾರಿಸ್ ಎಂಬುದು ಅದರ ಇಂದಿನ ಹೆಸರು.

ಕಡಲಿನ ಏಡಿಯ ಮರಿಗಳು ಅಲೆಗಳಲ್ಲಿ ತೇಲಿ ಬೆಳೆಯುತ್ತವೆ. ನಮ್ಮ ಸಿಹಿನೀರಿನ ಏಡಿಗೆ ಕಡಲಿನ ಹಂಗಿಲ್ಲ. ತಾಯಿ ತತ್ತಿಗಳನ್ನು ಹೊಟ್ಟೆಯ ಮಡಿಕೆಯಲ್ಲಿಯೇ ಕಾಯುತ್ತದೆ. ಹೊರಬರುವಾಗಲೇ ಅವು ಪುಟ್ಟ ಏಡಿಗಳು. ಹೊರನಾಡುಗಳಲ್ಲಿ ಇದೇ ಬಾಳನ್ನು ನಡೆಸುವ ಇನ್ನೊಂದು ಜೀವಿಯುಂಟು: ಕ್ರೇಫಿಷ್. ಸೀಗಡಿಯಂತೆ ನೀಳವಾದ ಮೈ, ಏಡಿಯಂತೆ ಬಲವಾದ ಕೊಂಡಿ. ಸೋಜಿಗವೆಂದರೆ, ಯುರೋಪು, ಅಮೆರಿಕ, ಆಸ್ಟ್ರೇಲಿಯ, ಮಡಗಾಸ್ಕರಗಳಲ್ಲಿ ಹುಟ್ಟಿನಿಂದಲೇ ಇರುವ ಈ ಕುಲ ಭಾರತದಲ್ಲಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಮಡಗಾಸ್ಕರವೂ ನಮ್ಮ ನೆಲವೂ ಒಂದಾಗಿದ್ದವು. ಆದರೂ ಇಲ್ಲಿ ಆ ಕಸುಬು ಏಡಿಯ ಪಾಲಾಗಿದೆ.

ಇಲ್ಲದ ಪ್ರಾಣಿಯ ಮಾತು ನಮಗೇಕೆ ಎನ್ನುವಿರಾ? ಅದರ ಪ್ರವಾಸದ ಚರಿತ್ರೆಯನ್ನು ಕೇಳಿರಿ. ಅಮೆರಿಕದ ದಕ್ಷಿಣ ಭಾಗದ ಕೆಂಪು ಕ್ರೇಫಿಷನ್ನು 1927ರಲ್ಲಿ ಜಪಾನಿಗೆ ತಂದರು, ಸಾಕಿದ ಕಪ್ಪೆಗಳಿಗೆ ಆಹಾರವಾಗಲೆಂದು. ಕೆಲವೇ ವರ್ಷಗಳಲ್ಲಿ ಅದು ಚೀನವನ್ನು ಸೇರಿತು. 1974ರಲ್ಲಿ ಸ್ಪೇನಿನ ಗ್ವಾದಲ್ಕಿವೀರ್ ನದಿಯ ಜೌಗು ಪ್ರದೇಶಕ್ಕೆ ಬಿಟ್ಟಾಗ ಬೆಸ್ತರಿಗೆ ವ್ಯಾಪಾರವೇನೋ ದೊರೆಯಿತು; ಆದರೆ ಭತ್ತದ ಗದ್ದೆಗಳ ಬದುಗಳಿಗೆ ತೂತು ಬಿದ್ದು ನೀರು ಸೋರತೊಡಗಿತು. ಯುರೋಪಿನ ದೇಸಿ ಕ್ರೇಫಿಷ್‌ಗಳ ಪಾಡು ಇನ್ನೂ ದಾರುಣ. 1860ರ ಸುಮಾರಿಗೆ ಇಟಲಿಯಲ್ಲಿ ಕಾಣಿಸಿಕೊಂಡ ಬೂಷ್ಟಿನಂಥ ರೋಗವೊಂದು ನದಿಯಿಂದ ನದಿಗೆ ಹಬ್ಬಿ ಅವನ್ನು ಸವರಿಹಾಕಿತು. ಆ ರೋಗದ ಮೂಲ ಅಮೆರಿಕ. ಅಲ್ಲಿಯ ಕ್ರೇಫಿಷ್‌ಗಳು ಅದನ್ನು ಹೊತ್ತೂ ಬದುಕಬಲ್ಲವು.

ಈಗ ನಮ್ಮ ನಾಡನ್ನು ನೋಡಿರಿ. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನಿಂದ ಕೃಷ್ಣೆಯ ನೀರು ಸುರಪುರ, ಶಹಾಪುರಗಳ ಎರೆಭೂಮಿಗೆ ಹರಿದು, ಜೋಳ ಬೆಳೆಯುತ್ತಿದ್ದಲ್ಲಿ ಭತ್ತ ತೂಗಾಡುತ್ತಿದೆ. ಕಾಲುವೆ, ಹಳ್ಳ, ಗದ್ದೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇತ್ತ ನಗರಗಳಲ್ಲಿ ಅಲಂಕಾರದ ಮೀನಿನ ಜೊತೆಗೆ ಬಣ್ಣದ ಕ್ರೇಫಿಷ್ ಮಾರಾಟವಾಗುತ್ತಿದೆ. ಸಾಕಿ ಬೇಸತ್ತವರು ಕನಿಕರದಿಂದ ಅದನ್ನು ಕೆರೆಗೆ ಬಿಟ್ಟರೆ? ನೂರಾರು ತತ್ತಿಗಳನ್ನು ಹೊರುವ, ಬೇಸಗೆಯನ್ನು ಬಿಲದಲ್ಲಿ ಕಳೆಯುವ, ಒದ್ದೆ ನೆಲದ ಮೇಲೆ ನಡೆದೇ ಹೋಗುವ ಪ್ರಾಣಿಯನ್ನು ಮರಳಿ ಹಿಡಿದು ತರುವವರಾರು?

ನಮ್ಮ ಏಡಿಯೂ ಬದುವನ್ನು ಕೊರೆಯುತ್ತದೆ, ನಿಜ. ಆದರೆ ಕೊಕ್ಕರೆ, ನರಿಗಳು ಅದರ ಲೆಕ್ಕವನ್ನು ತಲೆಮಾರುಗಳಿಂದ ಇಟ್ಟುಕೊಂಡು ಬಂದಿವೆ. ಬೇಡವಾದ ಜಲಚರವನ್ನು ಅಂಗಡಿಗೇ ಹಿಂದಿರುಗಿಸಿರಿ, ಕೆರೆಗೆ ಬಿಡಬೇಡಿರಿ. ಮಕ್ಕಳಿಗೂ ಈ ಮಾತನ್ನು ತಿಳಿಸಿರಿ.