ಬೆಂಗಳೂರಿನ ನ್ಯೂಟನೋತ್ತರ ಗಣಿತ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಿಂದ ಉರುಳಿದ ಕಲ್ಲಿನ ಚಲನೆಯನ್ನು ಲೆಕ್ಕ ಹಾಕಲು ನ್ಯೂಟನ್ 1687ರಲ್ಲಿ ಪ್ರಕಟಿಸಿದ ಗುರುತ್ವ ನಿಯಮವೇ ಸಾಕು. ಐನ್‌ಸ್ಟೈನ್ 1915ರಲ್ಲಿ ಮಂಡಿಸಿದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವು ಅಲ್ಲಿ ತರುವ ತಿದ್ದುಪಡಿ ನೂರು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸಿನದು. ವೇಗವು ಬೆಳಕಿನ ವೇಗಕ್ಕಿಂತ ತೀರ ಕಡಿಮೆಯಿದ್ದು ಗುರುತ್ವವೂ ದುರ್ಬಲವಾಗಿದ್ದಾಗ ಹೊಸ ಸಿದ್ಧಾಂತದ ಸಮೀಕರಣಗಳು ಹಳೆಯ ನಿಯಮಕ್ಕೆ ಇಳಿದುಬರುತ್ತವೆ. ಇದೇ ನ್ಯೂಟನ್ ಮಿತಿ. ಆ ಮಿತಿಯಿಂದ ಹೊರಟು, ವಸ್ತುವಿನ ವೇಗಕ್ಕೂ ಬೆಳಕಿನ ವೇಗಕ್ಕೂ ಇರುವ ಅನುಪಾತದ ಒಂದೊಂದೇ ಘಾತವನ್ನು ಸೇರಿಸುತ್ತ ಐನ್‌ಸ್ಟೈನ್‌ನತ್ತ ಮರಳಿ ಏರುವ ಗಣಿತವನ್ನು ನ್ಯೂಟನೋತ್ತರ ವಿಧಾನವೆನ್ನುತ್ತಾರೆ. ಅಂದಾಜಿನ ಲೆಕ್ಕವೆಂದು ಇದನ್ನು ಕಡೆಗಣಿಸುವುದು ಸರಿಯಲ್ಲ, ಏಕೆಂದರೆ ಸಾಪೇಕ್ಷತೆಯು ವೀಕ್ಷಣೆಗೆ ಎದುರಾದದ್ದು ಬಹುಪಾಲು ಈ ಮೆಟ್ಟಿಲುಗಳ ಮೇಲೆಯೇ.

ಬುಧಗ್ರಹದ ಕಕ್ಷೆ ಶತಮಾನಕ್ಕೆ 43 ವಿಕಲೆಗಳಷ್ಟು ಹೆಚ್ಚಾಗಿ ಹೊರಳುವುದನ್ನು ವಿವರಿಸಿದ್ದು ಮೊದಲ ಮೆಟ್ಟಿಲು. ಪರಸ್ಪರ ಸೆಳೆಯುವ ಕಾಯಗಳ ಚಲನೆಯನ್ನು 1938ರಲ್ಲಿ ಐನ್‌ಸ್ಟೈನ್, ಇನ್ಫೆಲ್ಡ್ ಮತ್ತು ಹಾಫ್‌ಮನ್ ಈ ಕ್ರಮದಲ್ಲಿ ರೂಪಿಸಿದರು; 1965ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅದನ್ನು ದ್ರವದಂತಹ ನಿರಂತರ ದ್ರವ್ಯಕ್ಕೆ ವಿಸ್ತರಿಸಿದ್ದಲ್ಲದೆ, 1970ರ ಹೊತ್ತಿಗೆ ಎಸ್ಪೊಸಿಟೊ ಅವರೊಡನೆ ಎರಡೂವರೆಯ ಕ್ರಮವನ್ನು, ಎಂದರೆ ಅನುಪಾತದ ಐದನೆಯ ಘಾತವನ್ನು ತಲುಪಿದರು. ಗುರುತ್ವ ಅಲೆಗಳ ಮೂಲಕ ಶಕ್ತಿ ಸೋರಿಹೋಗುವ ಪರಿಣಾಮವು ಚಲನೆಯ ಸಮೀಕರಣದಲ್ಲಿ ಕಾಣಿಸಿಕೊಳ್ಳುವುದು ಅಲ್ಲಿಯೇ.

ಚಂದ್ರಶೇಖರರ ಚಿಕ್ಕಪ್ಪ ಸಿ. ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಈ ಗಣಿತ ಮುಂದೆ ನೆಲೆಯೂರಿತು. ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ ಸಿ. ವಿ. ವಿಶ್ವೇಶ್ವರ ಅವರು ಕದಡಿದ ಕಪ್ಪುಕುಳಿ ತನ್ನದೇ ಸ್ವರದಲ್ಲಿ ಮಿಡಿದು ಶಾಂತವಾಗುವುದನ್ನು 1970ರಲ್ಲಿ ತೋರಿಸಿದವರು; ಅವರು ಅಲ್ಲಿ ಸಾಪೇಕ್ಷತೆಯ ಅಧ್ಯಯನವನ್ನು ಬೆಳೆಸಿದರೆ, ಬಾಲ ಅಯ್ಯರ್ ನ್ಯೂಟನೋತ್ತರ ಲೆಕ್ಕವನ್ನು ಕೈಗೆತ್ತಿಕೊಂಡರು. ಸುತ್ತುತ್ತ ಹತ್ತಿರವಾಗುವ ಜೋಡಿ ಕಾಯಗಳು ಹೊಮ್ಮಿಸುವ ಗುರುತ್ವ ಅಲೆಯು ದುರ್ಬಲವಾದುದರಿಂದ, ಉಪಕರಣದ ಗದ್ದಲದಲ್ಲಿ ಅದನ್ನು ಗುರುತಿಸಲು ಅಲೆಯ ಆಕಾರ ಮೊದಲೇ ತಿಳಿದಿರಬೇಕು, ಮತ್ತು ಸಾವಿರಾರು ಸುತ್ತುಗಳುದ್ದಕ್ಕೂ ಲೆಕ್ಕ ಹೆಜ್ಜೆ ತಪ್ಪಬಾರದು. ಹೀಗಾಗಿ ಅತಿ ಸಣ್ಣ ತಿದ್ದುಪಡಿಗೂ ಬೆಲೆಯಿದೆ. ಬ್ಲಾಂಶೆ, ದಮೂರ್, ವಿಲ್, ವೈಸ್‌ಮನ್ ಅವರೊಡನೆ ಅಯ್ಯರ್ 1995ರಲ್ಲಿ ಎರಡನೆಯ ಕ್ರಮದ ಫಲಿತಾಂಶವನ್ನೂ, 2004ರಲ್ಲಿ ಬ್ಲಾಂಶೆ, ದಮೂರ್, ಎಸ್ಪೊಸಿಟೊ-ಫರೇಸ್ ಅವರೊಡನೆ ಮೂರೂವರೆಯ ಕ್ರಮವನ್ನೂ ಪ್ರಕಟಿಸಿದರು. ಕನ್ನಡ ಓದುಗರಿಗೆ ವಿಶ್ವೇಶ್ವರರು ಬೆಂಗಳೂರಿನ ತಾರಾಲಯದ ಸ್ಥಾಪಕ ನಿರ್ದೇಶಕರಾಗಿಯೂ ಪರಿಚಿತರು. ಪುಟಗಟ್ಟಲೆ ಬೀಜಗಣಿತದ ಅಯ್ಯರ್ ಅವರ ಕೆಲಸಕ್ಕೆ ಅಂಥ ಪ್ರಚಾರ ಸಿಗದಿದ್ದುದು ಸಹಜವಾದರೂ ನ್ಯಾಯವಲ್ಲ.

ಕಾಯಗಳು ಬೆಳಕಿನ ವೇಗದ ಅರ್ಧದಷ್ಟನ್ನು ಮುಟ್ಟಿ ಕೂಡಿಕೊಳ್ಳುವ ಹೊತ್ತಿಗೆ ಈ ಶ್ರೇಣಿ ನಂಬಿಕೆಗೆ ಅರ್ಹವಾಗಿ ಉಳಿಯದು. ಅಲ್ಲಿ ಕಂಪ್ಯೂಟರಿನಲ್ಲಿ ಪೂರ್ಣ ಸಮೀಕರಣಗಳನ್ನೇ ಬಿಡಿಸಬೇಕು. ಆದುದರಿಂದ 2015ರ ಸೆಪ್ಟೆಂಬರ್ 14ರಂದು ಲೈಗೋ ಶೋಧಕವು ದಾಖಲಿಸಿದ ಮೊದಲ ಗುರುತ್ವ ಅಲೆಯ ಆರಂಭಭಾಗ ನ್ಯೂಟನೋತ್ತರ ಗಣಿತಕ್ಕೂ ಕೊನೆಯ ಮಿಡಿತ ವಿಶ್ವೇಶ್ವರರ ವಿಶ್ಲೇಷಣೆಗೂ ಸೇರುತ್ತವೆ. ಶ್ರೇಣಿಯ ಪ್ರತಿಯೊಂದು ಗುಣಾಂಕವನ್ನೂ ವೀಕ್ಷಣೆಯಿಂದ ಬೇರೆಬೇರೆಯಾಗಿ ಅಳೆದು ಐನ್‌ಸ್ಟೈನ್ ಸಿದ್ಧಾಂತವನ್ನು ಪರೀಕ್ಷಿಸಬಹುದೆಂದು ಕೆ. ಜಿ. ಅರುಣ್, ಅಯ್ಯರ್ ಮತ್ತು ಸಂಗಡಿಗರು 2006ರಲ್ಲಿಯೇ ಸೂಚಿಸಿದ್ದರು. ಅದೇ ಬಗೆಯ ಪರೀಕ್ಷೆಯನ್ನು ಆ ಮೊದಲ ಅಲೆಯ ಮೇಲೆ ನಡೆಸಿದಾಗ ಸಿದ್ಧಾಂತದಿಂದ ಯಾವ ವಿಚಲನೆಯೂ ಕಂಡುಬರಲಿಲ್ಲ.