ಘಟ್ಟ ಇಳಿದ ದಾರಿಗಳು

ಕರಾವಳಿಯ ಹಿರಿಯರಿಗೆ ಶಿವಮೊಗ್ಗ, ಹಾಸನ, ಮೈಸೂರುಗಳೆಲ್ಲ ಸೇರಿ 'ಘಟ್ಟದ ಮೇಲೆ' ಎಂಬ ಒಂದೇ ಊರು. ಮಲೆನಾಡಿನವರಿಗಾದರೋ ಕುಂದಾಪುರದಿಂದ ಮಂಗಳೂರಿನವರೆಗೆ ಎಲ್ಲವೂ 'ಘಟ್ಟದ ಕೆಳಗೆ'. ಹೆಣ್ಣು ಕೊಡುವಾಗಲೂ ತರುವಾಗಲೂ ಈ ಎರಡು ಮಾತುಗಳು ಅಡ್ಡ ಬರುತ್ತಿದ್ದುದನ್ನು ಬಲ್ಲವರು ಬಲ್ಲರು. ಸಹ್ಯಾದ್ರಿಯ ಆ ಗೋಡೆಯನ್ನು ದಾಟಿದ ದಾರಿಗಳು ಯಾರಿಗಾಗಿ ಹುಟ್ಟಿದವು, ಯಾರಿಗೆ ಒದಗಿದವು ಎಂಬುದೇ ಇಂದಿನ ನನ್ನ ಮಾತಿನ ವಸ್ತು.

ಮೊದಲು ಇದ್ದುದು ಹೇರೆತ್ತಿನ ದಾರಿ. ಉಪ್ಪು ಮೇಲಕ್ಕೆ ಏರುತ್ತಿತ್ತು, ಮೆಣಸು ಅಡಿಕೆಗಳು ಕೆಳಕ್ಕೆ ಇಳಿಯುತ್ತಿದ್ದವು. ಕೆಳದಿಯ ಅರಸರು 17ನೆಯ ಶತಮಾನದಲ್ಲಿ ಇಕ್ಕೇರಿಯನ್ನು ಬಿಟ್ಟು ಬಿದನೂರಿಗೆ ರಾಜಧಾನಿಯನ್ನು ತಂದುದರ ಮರ್ಮವೂ ಇಲ್ಲಿದೆಯೆಂದು ನನ್ನ ಎಣಿಕೆ. ಹೊಸಂಗಡಿ ಘಟ್ಟದ ನೆತ್ತಿಯ ಮೇಲೆ ಕುಳಿತವನ ಕೈಯಲ್ಲಿ ಬಸರೂರಿನ ವ್ಯಾಪಾರದ ಕೀಲಿಕೈ ಇರುತ್ತಿತ್ತು. ಅದೇ ಘಟ್ಟವನ್ನೇರಿ 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಬಿದನೂರನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ.

ಗಾಡಿಯ ರಸ್ತೆಯ ಕತೆಯೇ ಬೇರೆ. ಎತ್ತು ಹೇರು ಹೊತ್ತು ಕಡಿದಾದ ಏರನ್ನು ಹೇಗೋ ಹತ್ತೀತು. ತುಂಬಿದ ಗಾಡಿಗೆ ಅದು ಸಾಧ್ಯವಿಲ್ಲ. ಅದಕ್ಕಾಗಿ ಬೆಟ್ಟದ ಮೈಯನ್ನು ಕೊರೆದು, ದಾರಿಯನ್ನು ಮಡಿಸಿ ಮಡಿಸಿ ಇಳಿಸಬೇಕಾಯಿತು. ನಾವು ಕಿಟಕಿಯಲ್ಲಿ ಕಂಡು ಬೆರಗಾಗುವ ತಿರುವುಗಳು ಎತ್ತಿನ ಕೊರಳಿನ ಲೆಕ್ಕದಿಂದ ಹುಟ್ಟಿದವು. 19ನೆಯ ಶತಮಾನದ ಆಳರಸರಿಗೆ ಈ ಖರ್ಚು ಹಗುರವೆನಿಸಿದ್ದು ಕಾಫಿಯಿಂದ, ಹತ್ತಿಯಿಂದ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗಿ ಅಲ್ಲಿಯ ಹತ್ತಿ ನಿಂತಾಗ, ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಕಣ್ಣು ಧಾರವಾಡದ ಎರೆಭೂಮಿಯ ಮೇಲೆ ಬಿತ್ತು. ಆ ಹತ್ತಿ ಹಡಗೇರಬೇಕಾದರೆ ಕುಮಟೆಗೋ ಕಾರವಾರಕ್ಕೋ ಇಳಿಯಬೇಕು. ಅವರ ಒತ್ತಾಯವೂ ಸೇರಿಯೇ 1862ರಲ್ಲಿ ಕೆನರಾದ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು. ಕುಮಟೆಯ ಬೆಸ್ತನನ್ನಾಗಲಿ ಶಿರಸಿಯ ತೋಟಿಗನನ್ನಾಗಲಿ ಯಾರೂ ಕೇಳಲಿಲ್ಲ. 1880ರ ದಶಕದ ಕೊನೆಗೆ ಮರ್ಮಗೋವೆಗೆ ರೈಲು ತಲುಪಿದ್ದೇ ತಡ, ಹತ್ತಿ ಆ ಕಡೆ ಹರಿಯಿತು. ದೇವಿಮನೆ, ಅರಬೈಲು ಘಟ್ಟಗಳ ಗಾಡಿಗಳು ವಿರಳವಾದವು. ಸರಕಿಗಾಗಿ ಕಡಿದ ರಸ್ತೆ ಜನಕ್ಕೆ ಉಳಿಯಿತು.

ಜನದ ವಾಹನ ಬಂದದ್ದು ತಡವಾಗಿ. ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ ಹುಟ್ಟಿತು. ಮೈಸೂರು ಸರ್ಕಾರ 120 ಬಸ್ಸುಗಳೊಡನೆ ತನ್ನ ಸಾರಿಗೆಯನ್ನು ಆರಂಭಿಸಿದ್ದು 1948ರ ಸೆಪ್ಟೆಂಬರ್ 12ರಂದು. ಆಗಿನ್ನೂ ಆಗುಂಬೆ ಮೈಸೂರಿನದು, ತಪ್ಪಲಿನ ಸೋಮೇಶ್ವರ ಮದರಾಸಿನದು. ಘಟ್ಟ ಇಳಿಯುವವನು ಒಂದು ಸರ್ಕಾರವನ್ನೇ ಇಳಿದು ಇನ್ನೊಂದನ್ನು ಹೊಗುತ್ತಿದ್ದ. ಏಕೀಕರಣವೆಂದರೆ ನಮಗೆ ಸಭೆ, ನಿರ್ಣಯ, ಭಾಷಣಗಳು ನೆನಪಾಗುತ್ತವೆ. ಆದರೆ 1956ಕ್ಕೆ ಮೊದಲೇ ಹೋಟೆಲಿನ ಕೆಲಸಕ್ಕೆಂದು, ಓದಿಗೆಂದು, ತಗಡಿನ ಟ್ರಂಕು ಹೊತ್ತು ಘಟ್ಟ ಹತ್ತಿದ ಹುಡುಗರು ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದರು.

ನಾನೂ ಎಂ.ಎ. ಓದಿಗೆ ಹಾಗೆ ಟ್ರಂಕು ಹೊತ್ತವನೇ. ಆಗುಂಬೆಯ 14 ತಿರುವುಗಳಲ್ಲಿ ದೊಡ್ಡ ಬಸ್ಸು ಹೊರಳದು. ಮೇಲೆ ಬಂದು ಗಾಡಿ ಬದಲಿಸಬೇಕು. ಜಡಿಮಳೆಯಲ್ಲಿ ಹಾಸಿಗೆಯ ಸುರುಳಿ ನೆನೆಯದಂತೆ ಕಂಡಕ್ಟರು ತನ್ನ ಕೊಡೆಯನ್ನು ಅದರ ಮೇಲೆ ಹಿಡಿದದ್ದು ನೆನಪಿದೆ. ನನ್ನ ತಲೆಯ ಮೇಲೆ ಹಿಡಿಯಲಿಲ್ಲ! ಆತನ ಚೀಲದಲ್ಲಿ ಯಾರದೋ ಮನೆಯ ಔಷಧಿ, ಯಾರದೋ ಮದುವೆಯ ಮಲ್ಲಿಗೆ, ತೀರಿಕೊಂಡವರ ಸುದ್ದಿಯ ಚೀಟಿ. ಮಲೆನಾಡಿನ ಒಂಟಿಮನೆಗಳಿಗೆ ಅಂಚೆಗಿಂತ ಮೊದಲು ತಲುಪುತ್ತಿದ್ದುದು ಬಸ್ಸು.

ಮುಂದಿನದು ಹೆದ್ದಾರಿಯ ಕಾಲ. ಹಾಸನ–ಮಂಗಳೂರು ರೈಲುದಾರಿ 57 ಸುರಂಗಗಳನ್ನು ಹಾಯ್ದು 1979ರಲ್ಲಿ ಪೂರ್ಣವಾಯಿತು. ಹಳಿ ಅಗಲಿಸಲೆಂದು 1996ರಲ್ಲಿ ನಿಂತ ಪ್ರಯಾಣಿಕರ ರೈಲು ಮರಳಿ ಓಡಿದ್ದು 2007ರಲ್ಲಿ. ಅಷ್ಟು ವರ್ಷ ಶಿರಾಡಿಯ ರಸ್ತೆಯೇ ಎಲ್ಲರ ಭಾರ ಹೊತ್ತಿತು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದಾಗ ಶಿರಾಡಿಯೂ ಸಂಪಾಜೆಯೂ ಒಟ್ಟಿಗೆ ಮುಚ್ಚಿದವು. ಮರುವರ್ಷ ಚಾರ್ಮಾಡಿಯ ಸರದಿ. ಹೇರೆತ್ತಿನವರು ಬೆಟ್ಟದ ಇಳಿಜಾರನ್ನು ಅನುಸರಿಸಿದರು, ನಾವು ಅದನ್ನು ನಿಲುವಾಗಿ ಕಡಿಯುತ್ತಿದ್ದೇವೆ.

ಅಗಲವಾದ ರಸ್ತೆಯಲ್ಲಿ ಚಿಕ್ಕ ಬಸ್ಸಿನ ಗತಿಯೇನಾಯಿತು? ಕೊಪ್ಪದಲ್ಲಿ ಖಾಸಗಿ ಸಂಸ್ಥೆಯೊಂದು ಬಾಗಿಲು ಹಾಕಿದಾಗ ಅದರ ನೌಕರರೇ ಕೂಡಿ 1991ರಲ್ಲಿ ಸಹಕಾರ ಸಾರಿಗೆಯನ್ನು ಕಟ್ಟಿದ್ದರು. ಚಾಲಕನೇ ಒಡೆಯನಾದ ಆ ಬಸ್ಸುಗಳು ಲಾಭದ ಕಂಪೆನಿ ಕಾಲಿಡದ ಹಳ್ಳಿಗಳಿಗೂ ಹೋಗುತ್ತಿದ್ದವು. 2020ರಲ್ಲಿ ಅದೂ ನಿಂತಿತು. ಆಗುಂಬೆಯ ತಿರುವುಗಳಲ್ಲಿ ಮಾತ್ರ ಮಿನಿ ಬಸ್ಸುಗಳು ಈಗಲೂ ಹಾರನ್ನು ಮಾಡುತ್ತ ಇಳಿಯುತ್ತವೆ. ಎದುರಿನವನು ಕೇಳಿ ನಿಲ್ಲಬೇಕು.